ಲೆಸ್ಟರ್ ಸಿಟಿ ಈ ವರ್ಷ ವಾಪಸ್ ಮೇಲೆ ಹೋಗುತ್ತಾ? ಕಳಿಸಿದ್ದು ಜಾಸ್ತಿ, ತಂದಿದ್ದು ಕಮ್ಮಿ

ಸುಂಟಿಕೊಪ್ಪ ಫಾಕ್ಸ್
2 ಸೆಪ್ಟೆಂಬರ್ 2025

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ನಮ್ಮ ಟೈಮ್ ಹನ್ನೊಂದೂವರೆಗೆ ಟ್ರಾನ್ಸ್‌ಫರ್ ವಿಂಡೋ, ಅಂದರೆ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್‌ಗಳು ಆಟಗಾರರನ್ನು ಕೊಳ್ಳುವ, ಮಾರುವ ಅವಧಿ, ಮುಚ್ಚಿತು. ಇಲ್ಲಿ ಸಂಜೆಯಿಂದ ಮಳೆ. ಕರೆಂಟ್ ಇರಲಿಲ್ಲ. ಮೊಬೈಲ್‌ನಲ್ಲಿ 14 ಪರ್ಸೆಂಟ್ ಚಾರ್ಜ್ ಉಳಿದಿತ್ತು. ಸ್ಕ್ರೀನಿನ ಬೆಳಕು ಪೂರ್ತಿ ಕಮ್ಮಿ ಮಾಡಿಕೊಂಡು ಅಡುಗೆಮನೆಯ ಒಲೆ ಹತ್ತಿರ ಕೂತು, ಐದೈದು ನಿಮಿಷಕ್ಕೆ ಒಮ್ಮೆ ಸುದ್ದಿ ನೋಡುತ್ತಿದ್ದೆ. ಕೊನೆಗೆ ಮಲಗುವಾಗ ಮನಸ್ಸಿಗೆ ಸಮಾಧಾನ ಇರಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಾನು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲೆಸ್ಟರ್ ಸಿಟಿಯ ಅಭಿಮಾನಿ. 2016ರಿಂದ. ಆಗ ನಾನು ಎಂಟನೇ ಕ್ಲಾಸ್ ಮುಗಿಸಿ ರಜೆಯಲ್ಲಿದ್ದೆ. ಮಾವನ ಮನೆಯಲ್ಲಿ ಮಧ್ಯರಾತ್ರಿ ಕಳೆದ ಮೇಲೆ ಚೆಲ್ಸಿ ಮತ್ತು ಟಾಟನ್‌ಹ್ಯಾಮ್ ಪಂದ್ಯ ನೋಡಿದೆವು. ಟಾಟನ್‌ಹ್ಯಾಮ್ 2-0 ಮುಂದಿತ್ತು. ಆಮೇಲೆ ಚೆಲ್ಸಿ ಒಂದು ಗೋಲು ಹಾಕಿತು. ಹಜಾರ್ಡ್ ಎರಡನೇದು ಹಾಕಿದಾಗ ಮಾವ ಹಾಸಿಗೆಯಿಂದ ಎದ್ದು ನಿಂತುಬಿಟ್ಟರು. 2-2. ಎರಡನೇ ಸ್ಥಾನದಲ್ಲಿದ್ದ ಟಾಟನ್‌ಹ್ಯಾಮ್ ಗೆಲ್ಲಲಿಲ್ಲ, ಹಾಗಾಗಿ ಮೈದಾನಕ್ಕೇ ಇಳಿಯದೆ ಲೆಸ್ಟರ್ ಚಾಂಪಿಯನ್ ಆಯಿತು. ಸೀಸನ್ ಶುರುವಿನಲ್ಲಿ 5000ಕ್ಕೆ 1 ಎಂದು ಬಾಜಿ ಕಟ್ಟಿಸಿಕೊಳ್ಳುವವರು ಬರೆದಿದ್ದ ಟೀಮ್ ಅದು. ಮಾವ ಈಗ ಇಲ್ಲ. ಆದರೆ ಆ ಟೀಮ್ ಸೋತರೆ ನನಗೆ ಈಗಲೂ ಅವರ ಮುಖ ನೆನಪಾಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಏಪ್ರಿಲ್ 20ಕ್ಕೆ ಲಿವರ್‌ಪೂಲ್ ಎದುರು 1-0 ಸೋತು ಇಂಗ್ಲೆಂಡಿನ ಮೊದಲ ಡಿವಿಷನ್ ಆದ ಪ್ರೀಮಿಯರ್ ಲೀಗ್‌ನಿಂದ ಎರಡನೇ ಡಿವಿಷನ್ ಚಾಂಪಿಯನ್‌ಷಿಪ್‌ಗೆ ಕೆಳಗೆ ಬಿದ್ದೆವು. 38 ಪಂದ್ಯಕ್ಕೆ 25 ಪಾಯಿಂಟ್. ತವರಿನಲ್ಲಿ ಸತತ 9 ಲೀಗ್ ಪಂದ್ಯ, ಒಂದೂ ಗೋಲು ಹೊಡೆಯದೆ ಸೋಲು. ಇಂಗ್ಲೆಂಡ್ ಲೀಗ್ ಇತಿಹಾಸದಲ್ಲೇ ಯಾವ ಟೀಮಿಗೂ ಹೀಗಾಗಿರಲಿಲ್ಲ.

ಬೇಸಿಗೆಯಲ್ಲಿ ಹೋದವರನ್ನು ನೋಡಿ. ವಾರ್ಡಿ ಹೋದರು. 500 ಪಂದ್ಯ, 200 ಗೋಲು, ಅವರಿಗೆ ನಾವು ಯಾರೂ ಏನೂ ಹೇಳುವ ಹಾಗಿಲ್ಲ. ಗೋಲ್‌ಕೀಪರ್ ಹೆರ್ಮಾನ್ಸನ್ ವೆಸ್ಟ್‌ಹ್ಯಾಮ್‌ಗೆ. ಎನ್‌ಡಿಡಿ ಟರ್ಕಿಯ ಬೆಸಿಕ್ಟಾಸ್‌ಗೆ. ಜೇಮ್ಸ್ ಜಸ್ಟಿನ್ ಲೀಡ್ಸ್‌ಗೆ. ಕೋಡಿ ರೆಕ್ಸ್‌ಹ್ಯಾಮ್‌ಗೆ. ನಮ್ಮದೇ ಅಕಾಡೆಮಿಯಲ್ಲಿ ಬೆಳೆದ ಮೆಕಟೀರ್, ನಮ್ಮ ಜೊತೆಗೇ ಕೆಳಗೆ ಬಿದ್ದ ಇಪ್ಸ್‌ವಿಚ್‌ಗೆ. ಎಲ್ ಖನ್ನೂಸ್ ಸ್ಟುಟ್‌ಗಾರ್ಟ್‌ಗೆ ಲೋನ್, ಅಂದರೆ ಸ್ವಲ್ಪ ಕಾಲಕ್ಕೆ ಎರವಲು. ಬಂದವರು? ಗೋಲ್‌ಕೀಪರ್ ಬೆಗೋವಿಚ್, ಅವರಿಗೆ 38 ವರ್ಷ, ಕ್ಲಬ್ ದುಡ್ಡು ಕೊಡದೆ ಸಿಕ್ಕವರು. ಕೊನೆಯ ದಿನಗಳಲ್ಲಿ ರೆನ್‌ನಿಂದ ಜೋರ್ಡನ್ ಜೇಮ್ಸ್, ಫೆಯೆನೂರ್ಡ್‌ನಿಂದ ಕರಾಂಜಾ, ಬರ್ನ್‌ಲಿಯಿಂದ ಆರನ್ ರಾಮ್ಸಿ. ಮೂವರೂ ಲೋನ್.

ನನ್ನ ಪ್ರಶ್ನೆ ಇಷ್ಟೇ. ಇದರಲ್ಲಿ ಯಾವುದಾದರೂ ಲೆಕ್ಕಾಚಾರ ನಿಮಗೆ ಕಾಣುತ್ತಿದೆಯಾ? ಅಥವಾ ಸುಮ್ನೆ ಬೆಂಕಿ ಬಿದ್ದ ಮನೆಯಿಂದ ಕೈಗೆ ಸಿಕ್ಕಿದ್ದನ್ನು ಹೊರಗೆ ಸಾಗಿಸಿದ ಹಾಗಾ? 2023ರಲ್ಲೂ ಬಿದ್ದಿದ್ದೆವು, ಒಂದೇ ವರ್ಷಕ್ಕೆ 97 ಪಾಯಿಂಟ್ ತೆಗೆದು ವಾಪಸ್ ಬಂದೆವು. ಈ ಸಲ ಆಗುತ್ತದಾ? ನಮ್ಮ ಕೊಡಗಿನ ಕಡೆ ಹಾಕಿ ಬಗ್ಗೆ ಮಾತಾಡಲು ಬೀದಿಗೆ ಹತ್ತು ಜನ ಸಿಗುತ್ತಾರೆ, ಇಂಗ್ಲೆಂಡಿನ ಎರಡನೇ ಡಿವಿಷನ್ ಬಗ್ಗೆ ಮಾತಾಡಲು ಯಾರೂ ಸಿಗುವುದಿಲ್ಲ. ದಯವಿಟ್ಟು ತಿಳಿದವರು ಬರೆಯಿರಿ.

ವಿರಾಜಪೇಟೆ ವೈಟ್
2 ಸೆಪ್ಟೆಂಬರ್ 2025

ನಾನು ಲೀಡ್ಸ್ ಕಡೆಯವನು. ಜಸ್ಟಿನ್ ಈಗ ನಮ್ಮ ಹತ್ತಿರ ಇದ್ದಾರೆ, ಚೆನ್ನಾಗಿ ನೋಡಿಕೊಳ್ಳುತ್ತೇವೆ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ ಬ್ರದರ್. 2023ರಲ್ಲಿ ನಿಮ್ಮ ಜೊತೆಗೇ ನಾವೂ ಬಿದ್ದೆವು.

ಆ ವರ್ಷ ನಮ್ಮ ಗತಿ ನೋಡಬೇಕಿತ್ತು. ಆಟಗಾರರ ಕರಾರಿನಲ್ಲೇ ಒಂದು ಮಾತು ಬರೆದಿತ್ತು. ಟೀಮ್ ಕೆಳಗೆ ಬಿದ್ದರೆ ಲೋನ್ ಮೇಲೆ ಹೊರಗೆ ಹೋಗಬಹುದು ಎಂದು. ಕಾಕ್ ಫ್ರಾಂಕ್‌ಫರ್ಟ್‌ಗೆ, ಆರನ್‌ಸನ್ ಯೂನಿಯನ್ ಬರ್ಲಿನ್‌ಗೆ, ರೋಕ ಬೆಟಿಸ್‌ಗೆ, ಕ್ರಿಸ್ಟೆನ್ಸನ್ ರೋಮಾಗೆ. ಒಬ್ಬೊಬ್ಬರೇ ಬ್ಯಾಗ್ ಹಿಡಿದು ಹೊರಟರು, ಕ್ಲಬ್ ಕೈಗೆ ದೊಡ್ಡ ದುಡ್ಡೂ ಬರಲಿಲ್ಲ. ಕೋಚ್ ಫಾರ್ಕ ಬಂದಿದ್ದು ಜುಲೈ 4ಕ್ಕೆ. ಮೊದಲ 3 ಲೀಗ್ ಪಂದ್ಯದಲ್ಲಿ ಒಂದೂ ಗೆಲುವಿಲ್ಲ. ಆದರೂ ಆ ಸೀಸನ್ 90 ಪಾಯಿಂಟ್ ತೆಗೆದೆವು. ಮೂರನೇ ಸ್ಥಾನ. ಮೇಲೆ ಹೋಗುವ ಕೊನೇ ಜಾಗಕ್ಕೆ ವೆಂಬ್ಲಿಯಲ್ಲಿ ಪ್ಲೇಆಫ್ ಫೈನಲ್, ಸೌತಾಂಪ್ಟನ್‌ನ ಆಡಮ್ ಆರ್ಮ್‌ಸ್ಟ್ರಾಂಗ್ ಒಂದು ಗೋಲು, ಅಲ್ಲಿಗೆ ಮುಗಿಯಿತು.

ಮುಂದಿನ ಬೇಸಿಗೆಯಲ್ಲಿ ಇನ್ನೂ ಹೋದರು. ಗ್ರೇ, ಸಮ್ಮರ್‌ವಿಲ್, ರುಟರ್. ಮೂವರೂ ನಮ್ಮ ಪ್ರಾಣ. ಆದರೆ ಆ ಸಲ ಸಿಕ್ಕಿದ ದುಡ್ಡನ್ನು ಯೋಚನೆ ಮಾಡಿ ಹಾಕಿದರು. ರೋಡನ್‌ರನ್ನು ಪೂರ್ತಿಯಾಗಿ ಕೊಂಡರು. ಜಪಾನ್‌ನ ತನಾಕಾ ಬಂದರು. ಬೋಗಲ್ ಬಂದರು. ಲೋನ್‌ಗೆ ಹೋಗಿದ್ದ ಆರನ್‌ಸನ್ ವಾಪಸ್ ಬಂದು ಮೈಮುರಿದು ಓಡಿದರು. 100 ಪಾಯಿಂಟ್, ಚಾಂಪಿಯನ್. ಪ್ಲಿಮತ್‌ನಲ್ಲಿ ಕೊನೇ ಗಳಿಗೆಯಲ್ಲಿ ಸೊಲೊಮನ್ ಹೊಡೆದ ಗೋಲನ್ನು ನಾನು ಸಾಯೋವರೆಗೂ ಮರೆಯಲ್ಲ.

ಅದಕ್ಕೇ ಹೇಳುತ್ತೇನೆ, ಬಿದ್ದ ವರ್ಷವೇ ಎದ್ದುಬಿಡಬೇಕು ಎಂದು ಹಟ ಹಿಡಿಯಬೇಡಿ. ನಮಗೆ ಎರಡು ವರ್ಷ ಬೇಕಾಯಿತು. ಕೋಚ್‌ನನ್ನು ಬದಲಾಯಿಸದೆ ಕಾದದ್ದೇ ನಮ್ಮ ಗೆಲುವು.

ಅಮ್ಮತ್ತಿ ರೈಟರ್
2 ಸೆಪ್ಟೆಂಬರ್ 2025

ತಮ್ಮಾ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನಾನು ಅಮ್ಮತ್ತಿ ಹತ್ತಿರ ಒಂದು ಕಾಫಿ ತೋಟದಲ್ಲಿ 22 ವರ್ಷದಿಂದ ರೈಟರ್, ಅಂದರೆ ಲೆಕ್ಕ ಬರೆಯುವವನು. ಲೆಸ್ಟರ್ ನನ್ನ ಟೀಮ್ ಅಲ್ಲ. ಆದರೆ ಕೆಳಗೆ ಬಿದ್ದ ಟೀಮುಗಳನ್ನು ನೋಡುವುದು ನನಗೆ ಮೊದಲಿಂದ ಇಷ್ಟ. ಮೇಲಿರುವ ಟೀಮಿನಲ್ಲಿ ದುಡ್ಡು ಮಾತಾಡುತ್ತದೆ. ಬಿದ್ದ ಟೀಮಿನಲ್ಲಿ ಮಾತ್ರ ಯಾರು ಏನು ಎಂದು ಗೊತ್ತಾಗುತ್ತದೆ.

ನೀವು ಆಟಗಾರರ ಪಟ್ಟಿ ಹಾಕಿದ್ದೀರಿ. ನಾನು ದಿನ ಎಣಿಸಿದೆ.

2023ರಲ್ಲಿ ಲೆಸ್ಟರ್ ಬಿದ್ದಿದ್ದು ಮೇ 28ಕ್ಕೆ, ಸೀಸನ್ನಿನ ಕೊನೇ ದಿನ. ಮರೆಸ್ಕ ಕೋಚ್ ಆಗಿ ಬಂದಿದ್ದು ಜೂನ್ 16ಕ್ಕೆ. 19 ದಿನ. ಜೂನ್ ಮುಗಿಯುವುದರೊಳಗೆ ಮ್ಯಾಡಿಸನ್ ಅವರನ್ನು ಟಾಟನ್‌ಹ್ಯಾಮ್‌ಗೆ ಸುಮಾರು 4 ಕೋಟಿ ಪೌಂಡ್‌ಗೆ ಕೊಟ್ಟಾಗಿತ್ತು. ಜುಲೈ ಮೊದಲ ವಾರದೊಳಗೆ ವಿಂಕ್ಸ್ ಮತ್ತು ಕೋಡಿ ಬಂದಾಗಿತ್ತು. ಅದೇ ತಿಂಗಳು ಡೆನ್ಮಾರ್ಕ್‌ನಿಂದ ಹೆರ್ಮಾನ್ಸನ್, ಯಾಕೆಂದರೆ ಮರೆಸ್ಕಗೆ ಕಾಲಲ್ಲಿ ಪಾಸ್ ಕೊಡುವ ಕೀಪರ್ ಬೇಕಿತ್ತು. ಹಾರ್ವಿ ಬಾರ್ನ್ಸ್ ನ್ಯೂಕಾಸಲ್‌ಗೆ ಹೋದರು, ಆ ಜಾಗಕ್ಕೆ ಮಾವಿದಿದಿ, ಆಮೇಲೆ ಲೋನ್ ಮೇಲೆ ಫತಾವು. ಮೊದಲು ಹೇಗೆ ಆಡಬೇಕೆಂದು ತೀರ್ಮಾನವಾಯಿತು. ಆಮೇಲೆ ಅದಕ್ಕೆ ಬೇಕಾದವರನ್ನು ತಂದರು. ಫಲ ಗೊತ್ತಲ್ಲ, ಮೊದಲ 14 ಲೀಗ್ ಪಂದ್ಯದಲ್ಲಿ 13 ಗೆಲುವು.

ಈ ವರ್ಷ ಬಿದ್ದಿದ್ದು ಏಪ್ರಿಲ್ 20ಕ್ಕೆ. ಐದು ವಾರ ಹೆಚ್ಚಿಗೆ ಸಿಕ್ಕಿತ್ತು. ಆದರೆ ವಾನ್ ನಿಸ್ಟೆಲ್‌ರೂಯ್ ಹೊರಟಿದ್ದು ಜೂನ್ 27ಕ್ಕೆ. ಹೊಸ ಕೋಚ್ ಸಿಫ್ವೆಂಟೆಸ್ ಬಂದಿದ್ದು ಜುಲೈ 15ಕ್ಕೆ. ಲೆಕ್ಕ ಹಾಕಿ, 86 ದಿನ. ಆಗಸ್ಟ್ 10ಕ್ಕೆ ಮೊದಲ ಪಂದ್ಯ. ಹೊಸಬರ ಕೈಗೆ ಸಿಕ್ಕಿದ್ದು 26 ದಿನ. ಯಾರು ಬೇಕು, ಯಾರು ಬೇಡ ಎಂದು ಹೇಳಬೇಕಾದವನೇ ಇಲ್ಲದಿರುವಾಗ ಕೊಳ್ಳುವುದಾದರೂ ಯಾರನ್ನು? ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ನಿನ್ನೆ ರಾತ್ರಿ ಹನ್ನೊಂದೂವರೆಗೆ ಕೆಟ್ಟದ್ದಲ್ಲ ಅದು. ಮೇ, ಜೂನ್ ತಿಂಗಳಲ್ಲೇ ಕೆಟ್ಟಿತು.

ತೋಟದಲ್ಲೂ ಹಾಗೇ ಅಲ್ವಾ. ಹೂಮಳೆ ಬಂದ ಮೇಲೆ ಗಿಡಕ್ಕೆ ಮಾಡಬೇಕಾದ್ದನ್ನು ಆ ವಾರಗಳಲ್ಲೇ ಮಾಡಬೇಕು. ಮಳೆಗಾಲಕ್ಕೆ ಮುಂಚೆ ಮರ ಕಪಾತು ಮುಗಿಸಬೇಕು. ಆಗಸ್ಟ್‌ನಲ್ಲಿ ಕಾಯಿ ಉದುರುವಾಗ ಎಷ್ಟು ಆಳು ಹಾಕಿದರೂ ಉದುರಿದ್ದು ವಾಪಸ್ ಗಿಡಕ್ಕೆ ಹತ್ತುವುದಿಲ್ಲ.

ವಿರಾಜಪೇಟೆಯವರು ಎರಡು ವರ್ಷ ಕಾಯಿರಿ ಎಂದರು. ಮಾತು ಒಳ್ಳೆಯದು. ಆದರೆ ಲೆಸ್ಟರ್‌ಗೆ ಆ ಅವಕಾಶ ಕಮ್ಮಿ. ಕೆಳಗೆ ಬಿದ್ದ ಕ್ಲಬ್‌ಗೆ ಪ್ರೀಮಿಯರ್ ಲೀಗ್‌ನಿಂದ ಪ್ಯಾರಾಚೂಟ್ ದುಡ್ಡು ಬರುತ್ತದೆ. ಟಿವಿ ದುಡ್ಡಿನಲ್ಲಿ ಎಲ್ಲ ಕ್ಲಬ್‌ಗೂ ಸಮನಾಗಿ ಹಂಚುವ ಪಾಲಿನಲ್ಲಿ ಮೊದಲ ವರ್ಷ 55 ಪರ್ಸೆಂಟ್, ಎರಡನೇ ವರ್ಷ 45, ಮೂರನೇ ವರ್ಷ 20. ಆದರೆ ಮೇಲೆ ಹೋಗಿ ಒಂದೇ ವರ್ಷಕ್ಕೆ ವಾಪಸ್ ಬಿದ್ದರೆ ಮೂರನೇ ವರ್ಷದ್ದು ಇಲ್ಲ. ಲೆಸ್ಟರ್ ಇದ್ದಿದ್ದು ಒಂದೇ ವರ್ಷ. ಹಾಗಾಗಿ ಎರಡು ವರ್ಷ ಮುಗಿದರೆ ಬಾವಿ ಒಣಗುತ್ತದೆ.

ಇನ್ನೊಂದು ಕಡೆ ನಷ್ಟದ ನಿಯಮ. ಮೂರು ವರ್ಷ ಸೇರಿಸಿ ಕ್ಲಬ್ ಇಷ್ಟಕ್ಕಿಂತ ಜಾಸ್ತಿ ನಷ್ಟ ಮಾಡುವ ಹಾಗಿಲ್ಲ. ಪ್ರೀಮಿಯರ್ ಲೀಗ್‌ನಲ್ಲಿ ಇದ್ದ ವರ್ಷಕ್ಕೆ 3.5 ಕೋಟಿ ಪೌಂಡ್, ಚಾಂಪಿಯನ್‌ಷಿಪ್‌ನಲ್ಲಿ ಇದ್ದ ವರ್ಷಕ್ಕೆ 1.3 ಕೋಟಿ. ಎರಡು ವರ್ಷ ಮೇಲೆ, ಒಂದು ವರ್ಷ ಕೆಳಗೆ ಇದ್ದರೆ ಒಟ್ಟು 8.3 ಕೋಟಿ. ಲೆಸ್ಟರ್ ಈ ಗೆರೆ ದಾಟಿದೆ ಎಂದು ಪ್ರೀಮಿಯರ್ ಲೀಗ್ ಈ ವರ್ಷ ಮೇ ತಿಂಗಳಲ್ಲಿ ವಿಚಾರಣೆಗೆ ಕಳಿಸಿದೆ. ಅದು ಸಾಬೀತಾದರೆ ಪಾಯಿಂಟ್ ಕಡಿತ ಆಗಬಹುದು. ತಲೆ ಮೇಲೆ ಕತ್ತಿ ತೂಗುವಾಗ ಯಾರೂ ದೊಡ್ಡ ಚೀಲ ಹಿಡಿದು ಸಂತೆಗೆ ಹೋಗುವುದಿಲ್ಲ. ಹೆರ್ಮಾನ್ಸನ್ ಹೋದದ್ದು, ಬಂದವರಲ್ಲಿ ಹೆಚ್ಚಿನವರು ಲೋನ್ ಆದದ್ದು, ಇದರಿಂದ. ಅಷ್ಟರ ಮಟ್ಟಿಗೆ ಲೆಕ್ಕಾಚಾರ ಇದೆ. ಅದು ಅಕೌಂಟ್ಸ್ ಬುಕ್ಕಿನ ಲೆಕ್ಕ, ಮೈದಾನದ್ದಲ್ಲ.

ಮೈದಾನದ ಲೆಕ್ಕ ನೋಡೋಣ. 2023ರಲ್ಲಿ ದೊಡ್ಡವರು ಹೋದರೂ ಟೀಮಿನ ನಡುಗಂಬ ಉಳಿದಿತ್ತು. ಹಿಂದೆ ಫಾಸ್, ವೆಸ್ಟರ್‌ಗಾರ್ಡ್. ನಡುವೆ ಎನ್‌ಡಿಡಿ, ಡ್ಯೂಸ್‌ಬರಿ-ಹಾಲ್. ಮುಂದೆ ವಾರ್ಡಿ, ಆ ಸೀಸನ್ 18 ಲೀಗ್ ಗೋಲು. ಈ ಸಲ ಹಿಂದಿನಿಂದ ಕೀಪರ್, ನಡುವಿನಿಂದ ಎನ್‌ಡಿಡಿ, ಮುಂದಿನಿಂದ ವಾರ್ಡಿ. ಕಂಬದ ಮೂರು ತುಂಡು ಹೋಗಿದೆ. ಸಿಲ್ವರ್ ಓಕ್ ಮರ ಕಡಿದು ಮಾರಿದರೆ ದುಡ್ಡು ಬರುತ್ತದೆ ನಿಜ. ಆದರೆ ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ನೆಲಕ್ಕೆ ಬೀಳುತ್ತದೆ. ಗೋಲ್‌ಕೀಪರ್ ಹೋದರೆ ಮುಂದಿನ ನಾಲ್ಕು ಜನ ಡಿಫೆಂಡರ್‌ಗಳಿಗೂ ಧೈರ್ಯ ಹೋಗುತ್ತದೆ.

ಈಗ ಲೋನ್ ಬಗ್ಗೆ. ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ಇದು ನನ್ನ ಕೈಯಾರೆ ಆಗಿದ್ದು.

ನಮ್ಮ ತೋಟದ ಸುತ್ತಿನ ಹುಡುಗರದ್ದು ಒಂದು ಟೀಮ್ ಇತ್ತು. ನಾನೇ ಮ್ಯಾನೇಜರ್. 2010ರಲ್ಲಿ ಒಂದು ಸೆವೆನ್ಸ್ (ಏಳು ಜನರ ಟೀಮಿನ) ಟೂರ್ನಮೆಂಟಿನಲ್ಲಿ ಸೆಮಿಫೈನಲ್ ಆಡಿದ್ದೆವು. ಮುಂದಿನ ವರ್ಷ ಮೊದಲ ಸುತ್ತಿನಲ್ಲೇ ಹೊರಗೆ. ಎಲ್ಲರಿಗೂ ಅವಮಾನ ಆಯಿತು. ಮೂರನೇ ವರ್ಷ ದುಡ್ಡು ಒಟ್ಟು ಮಾಡಿ ಕಣ್ಣೂರು ಕಡೆಯಿಂದ ನಾಲ್ಕು ಗೆಸ್ಟ್ ಪ್ಲೇಯರ್ ಕರೆಸಿದೆವು. ಒಳ್ಳೆಯ ಆಟಗಾರರು, ಅದರಲ್ಲಿ ಎರಡು ಮಾತಿಲ್ಲ. ಎರಡು ಪಂದ್ಯ ಸಲೀಸಾಗಿ ಗೆದ್ದೆವು. ತೋಟದ ಕೆಲಸದವರು ಇರುವ ಲೈನ್ ಮನೆಯ ಹುಡುಗನೊಬ್ಬ ಇದ್ದ, ಹದಿನಾರು ವರ್ಷ, ಹಿಂದಿನ ಎರಡು ವರ್ಷವೂ ಎಡಗಡೆ ಡಿಫೆನ್ಸ್‌ನಲ್ಲಿ ಅವನೇ ಆಡಿದ್ದ. ಆ ಸಲ ಅವನನ್ನು ಹೊರಗೆ ಕೂರಿಸಿದೆ. ಎರಡನೇ ಪಂದ್ಯ ಮುಗಿದ ಮೇಲೆ ಎಲ್ಲರ ಬೂಟೂ ಕೆಂಪು ಮಣ್ಣಿನಲ್ಲಿ ಹೂತು ಹೋಗಿತ್ತು. ನಲ್ಲಿ ಹತ್ತಿರ ಸಾಲಾಗಿ ಇಟ್ಟು ತೊಳೆಯುತ್ತಿದ್ದರು. ಅವನ ಬೂಟ್ ಮಾತ್ರ ಒಣಗಿತ್ತು. ಹಿಂದಿನ ರಾತ್ರಿ ಪಾಲಿಶ್ ಹಾಕಿದ್ದು ಹಾಗೇ ಹೊಳೆಯುತ್ತಿತ್ತು. ಅವನು ಅದನ್ನೂ ತಂದು ಸಾಲಿನಲ್ಲಿಟ್ಟು ನೀರು ಹಾಕಿದ.

ಸೆಮಿಫೈನಲ್ ದಿನ ಗೆಸ್ಟ್ ಪ್ಲೇಯರ್‌ಗಳಲ್ಲಿ ಇಬ್ಬರು ಬರಲಿಲ್ಲ. ಬೇರೆ ಕಡೆ ಜಾಸ್ತಿ ದುಡ್ಡಿನ ಪಂದ್ಯ ಇತ್ತು. ಅವರದ್ದು ತಪ್ಪು ಎಂದು ನಾನು ಹೇಳುವುದಿಲ್ಲ, ಅದು ಅವರ ಹೊಟ್ಟೆಪಾಡು. ಈ ಹುಡುಗನನ್ನು ಇಳಿಸಿದೆ. ಮೂರು ವಾರ ಪಂದ್ಯ ಆಡದವನು. 3-0 ಸೋತೆವು, ಎರಡು ಗೋಲು ಅವನ ಕಡೆಯಿಂದಲೇ ಬಂತು. ಮುಂದಿನ ವರ್ಷ ಅವನು ಕೆಲಸಕ್ಕೆ ಬೆಂಗಳೂರಿಗೆ ಹೋದ. ಆಮೇಲೆ ಚೆಂಡು ಮುಟ್ಟಲಿಲ್ಲ ಎಂದು ಅವನ ಅಮ್ಮ ಹೇಳಿದರು. ತಪ್ಪು ನನ್ನದು. ಗೆಲ್ಲುವ ಆತುರದಲ್ಲಿ ನಮ್ಮಲ್ಲೇ ಇದ್ದವನನ್ನು ಕಳೆದುಕೊಂಡೆ.

ಲೋನ್ ಆಟಗಾರ ಬೇಡವೇ ಬೇಡ ಎನ್ನುತ್ತಿಲ್ಲ. ಫತಾವು ಕೂಡ ಮೊದಲು ಲೋನ್ ಮೇಲೇ ಬಂದವರು. 2024ರ ಏಪ್ರಿಲ್‌ನಲ್ಲಿ ಸೌತಾಂಪ್ಟನ್ ಎದುರು 5-0 ಗೆದ್ದಾಗ ಮೂರು ಗೋಲು ಅವರದ್ದೇ. ಆದರೆ ಅವರನ್ನು ಆಮೇಲೆ ಕೊಂಡುಕೊಂಡರು, ಇವತ್ತು ಟೀಮಿನ ಆಸ್ತಿ. ಲೋನ್ ಮೇಲೆ ಬಂದವನನ್ನು ಇಟ್ಟುಕೊಳ್ಳುವ ದಾರಿ ಇದೆಯಾ? ಅವನಿಗಾಗಿ ಯಾರನ್ನು ಹೊರಗೆ ಕೂರಿಸುತ್ತೀರಿ? ನಾನು ನೋಡುವುದು ಇದನ್ನು.

ಅದಕ್ಕೇ ನನ್ನ ಕಣ್ಣು ಜೆರೆಮಿ ಮೊಂಗಾ ಮೇಲೆ. ಏಪ್ರಿಲ್‌ನಲ್ಲಿ 15ನೇ ವಯಸ್ಸಿಗೆ ಪ್ರೀಮಿಯರ್ ಲೀಗ್‌ನಲ್ಲಿ ಇಳಿದ ಹುಡುಗ. ಈ ಆಗಸ್ಟ್‌ನಲ್ಲಿ ಪ್ರೆಸ್ಟನ್ ಎದುರು ಗೋಲು ಹೊಡೆದ, ವಯಸ್ಸು 16. ಟೀಮ್ ಆ ಪಂದ್ಯ ಸೋತಿತು, ಇರಲಿ. ಅವನ ಬೂಟ್ ಒಣಗಬಾರದು. ಜನವರಿಯಲ್ಲಿ ಯಾರಾದರೂ ದುಡ್ಡಿನ ಚೀಲ ತಂದರೂ ಫತಾವು ಮತ್ತು ಮೊಂಗಾ ಇಬ್ಬರನ್ನೂ ಕೊಡಬಾರದು. ಬೇರೆ ಯಾರು ಹೋದರೂ ಸರಿ.

ಮೇಲೆ ಹೋಗುತ್ತದಾ ಎಂದು ಕೇಳಿದಿರಿ. 24 ಟೀಮ್, 46 ಪಂದ್ಯ, ಮೊದಲ ಇಬ್ಬರಿಗೆ ನೇರ ಬಡ್ತಿ. ಹೋದ ವರ್ಷ ಆ ಎರಡು ಸ್ಥಾನ ಹಿಡಿದ ಇಬ್ಬರೂ 100 ಪಾಯಿಂಟ್ ತೆಗೆದಿದ್ದರು. ಈ ಟೀಮಿಗೆ ಅದು ಆಗುವುದಿಲ್ಲ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 3ರಿಂದ 6ರವರೆಗಿನ ಪ್ಲೇಆಫ್ ಜಾಗಕ್ಕೆ ಗುದ್ದಾಡಬಹುದು. ಅಲ್ಲಿಗೆ ಬಂದರೆ ಏನೂ ಆಗಬಹುದು. ಹೋದ ಸೀಸನ್ ಸಂಡರ್‌ಲೆಂಡ್ ಲೀಗಿನ ಕೊನೆಯ 5 ಪಂದ್ಯ ಸೋತು ಪ್ಲೇಆಫ್‌ಗೆ ಬಂತು. ಪಾಯಿಂಟ್ 76. ಆದರೂ ಫೈನಲ್‌ನಲ್ಲಿ ಶೆಫೀಲ್ಡ್ ಯುನೈಟೆಡ್ ಎದುರು ಕೊನೇ ಗಳಿಗೆಯಲ್ಲಿ ಗೋಲು ಹೊಡೆದು ಮೇಲೆ ಹೋಯಿತು.

ಕೆಳಗೂ ನೋಡಿಕೊಳ್ಳಬೇಕು. ಲೂಟನ್ 2024ರಲ್ಲಿ ಪ್ರೀಮಿಯರ್ ಲೀಗ್‌ನಿಂದ ಬಿತ್ತು, 2025ರಲ್ಲಿ ಚಾಂಪಿಯನ್‌ಷಿಪ್‌ನಿಂದಲೂ ಬಿತ್ತು. ಅದೇ ಸಂಡರ್‌ಲೆಂಡ್ 2017, 2018 ಎರಡೂ ವರ್ಷ ಬಿದ್ದು ನಾಲ್ಕು ವರ್ಷ ಮೂರನೇ ಡಿವಿಷನ್‌ನಲ್ಲಿ ಕಳೆಯಿತು. ದೊಡ್ಡ ಹೆಸರು ಯಾರನ್ನೂ ಹಿಡಿದು ನಿಲ್ಲಿಸುವುದಿಲ್ಲ. ಲೆಸ್ಟರ್ ಕೂಡ 2008ರಲ್ಲಿ ಮೂರನೇ ಡಿವಿಷನ್‌ಗೆ ಹೋಗಿ ಬಂದ ಟೀಮೇ.

ಪೊನ್ನಂಪೇಟೆ ಕೀಪರ್
3 ಸೆಪ್ಟೆಂಬರ್ 2025

ಎಲ್ಲರಿಗೂ ನಮ್ಮ ಕೊಡಗಿನ ಕೈಲ್‌ಪೊಳ್ದ್ ಹಬ್ಬದ ಶುಭಾಶಯ. ಮನೆಯಲ್ಲಿ ಕಡಂಬುಟ್ಟು (ಅಕ್ಕಿ ಕಡುಬು) ಬೇಯುತ್ತಿದೆ, ಅಷ್ಟರಲ್ಲಿ ಎರಡು ಮಾತು ಬರೆಯುತ್ತೇನೆ.

ನಾನು ಕಾಲೇಜಿನವರೆಗೂ ಹಾಕಿ ಗೋಲ್‌ಕೀಪರ್ ಆಗಿದ್ದೆ. ರೈಟರ್ ಅಣ್ಣ ಕೀಪರ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ. ಕೀಪರ್ ಹಿಂದಿನಿಂದ ಕೂಗುತ್ತಾ ಇರುತ್ತಾಳೆ. ಎಡಕ್ಕೆ ಬಾ, ಅವಳನ್ನು ಹಿಡಿ, ಬಿಡು ನಂದು. ಆ ದನಿ ಡಿಫೆಂಡರ್ ಕಿವಿಗೆ ಅಭ್ಯಾಸ ಆಗಲು ಒಂದು ಸೀಸನ್ ಬೇಕು. ಒಂದು ಸಲ ನನಗೆ ಬೆರಳು ಮುರಿದು ಬೇರೆಯವಳು ನಿಂತಳು. ನನಗಿಂತ ಚುರುಕಾದ ಹುಡುಗಿ. ಆದರೂ ನಮ್ಮ ಡಿಫೆನ್ಸ್ ಅರ್ಧ ಹೆಜ್ಜೆ ತಡ ಮಾಡಿತು, ಎಲ್ಲ ಬಾಲಿಗೂ ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದರು. ಆ ಅರ್ಧ ಹೆಜ್ಜೆಯಲ್ಲೇ ಗೋಲು ಆಗುವುದು.

ಹೋದ ವರ್ಷದ ಬರ್ನ್‌ಲಿ ನೋಡಿ. ಅವರಿಗೂ ಕೋಚ್ ಬಂದಿದ್ದು ಜುಲೈನಲ್ಲೇ. ಬಹಳ ಆಟಗಾರರು ಹೋದರು. ಆದರೆ ಕೀಪರ್ ಟ್ರಾಫರ್ಡ್‌ರನ್ನು ಬಿಡಲಿಲ್ಲ. 46 ಪಂದ್ಯದಲ್ಲಿ ಬರೀ 16 ಗೋಲು ಬಿಟ್ಟುಕೊಟ್ಟು 100 ಪಾಯಿಂಟ್ ತೆಗೆದರು. ಹಾಗಾಗಿ ದಿನದ ಲೆಕ್ಕವೊಂದೇ ಸಾಲದು ಅಣ್ಣ, ತಡವಾಗಿ ಬಂದವರೂ ಏರಿದ್ದಾರೆ. ಯಾರನ್ನು ಉಳಿಸಿಕೊಂಡಿರಿ ಅನ್ನೋದು ಅದಕ್ಕಿಂತ ಮುಖ್ಯ.

ಲೆಸ್ಟರ್‌ಗೆ ಈಗ ಕೀಪರ್ ಸ್ಟೊಲಾರ್ಚಿಕ್ ಇದ್ದಾರೆ. ಕ್ಲಬ್ಬಿನ ಒಳಗೇ ಇದ್ದವರು, ಹಾಗಾಗಿ ದನಿ ಹೊಸದಲ್ಲ. ಒಂದು ಪಂದ್ಯದಲ್ಲಿ ತಪ್ಪು ಮಾಡಿದರೆಂದು ಬೆಗೋವಿಚ್, ಮತ್ತೊಂದು ತಪ್ಪಿಗೆ ಮತ್ತೆ ಇವರು, ಹಾಗೆ ಮಾಡಬಾರದು. ಇವರನ್ನೇ ನಿಲ್ಲಿಸಿ, ನಿಲ್ಲಿಸಿಯೇ ಇರಬೇಕು.

ಸುಂಟಿಕೊಪ್ಪ ಫಾಕ್ಸ್
3 ಸೆಪ್ಟೆಂಬರ್ 2025

ತುಂಬಾ ಥ್ಯಾಂಕ್ಸ್. ಇಷ್ಟು ಜನ ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಹಬ್ಬಕ್ಕೆ ಗೆಳೆಯನ ಮನೆಗೆ ಹೋಗಿದ್ದೆ, ಅಲ್ಲಿ ಕೂತು ಅವನಿಗೂ ಓದಿ ಹೇಳಿದೆ.

ರೈಟರ್ ಅಣ್ಣ, 19 ದಿನ ಮತ್ತು 86 ದಿನ, ಈ ಲೆಕ್ಕ ನನ್ನ ತಲೆಗೆ ಹೊಳೆದಿರಲಿಲ್ಲ. ನಾನು ಯಾರು ಬಂದರು, ಯಾರು ಹೋದರು ಎಂದು ಮಾತ್ರ ನೋಡುತ್ತಿದ್ದೆ. ಮೊದಲ ಪಂದ್ಯ ಈಗ ಬೇರೆ ಥರ ಕಾಣುತ್ತಿದೆ. ಶೆಫೀಲ್ಡ್ ವೆಡ್ನೆಸ್‌ಡೇ ಕ್ಲಬ್ಬಿನಲ್ಲಿ ಸಂಬಳಕ್ಕೇ ಕಷ್ಟ ಇತ್ತು, ಆಟಗಾರರೇ ಸರಿಯಾಗಿ ಇರಲಿಲ್ಲ. ಅಂಥವರ ಎದುರೂ ಫಾಸ್ ಕೊನೆಯಲ್ಲಿ ತಲೆ ಕೊಟ್ಟು ಗೋಲು ಮಾಡಿದ ಮೇಲೆ 2-1 ಗೆದ್ದೆವು. ನಾನು ಅವತ್ತು ಖುಷಿಪಟ್ಟೆ. 26 ದಿನದಲ್ಲಿ ಕಟ್ಟಿದ ಟೀಮ್ ಎಂದು ಈಗ ಅರ್ಥವಾಗುತ್ತಿದೆ.

ಒಂದು ಮಾತು ಮಾತ್ರ ಒಪ್ಪಲು ಕಷ್ಟ. ಪ್ಲೇಆಫ್‌ಗಿಂತ ಮೇಲೆ ಆಗುವುದಿಲ್ಲ ಎಂದಿರಿ. 2014ರಲ್ಲಿ ಇದೇ ಕ್ಲಬ್ ಚಾಂಪಿಯನ್‌ಷಿಪ್‌ನಲ್ಲಿ 102 ಪಾಯಿಂಟ್ ತೆಗೆದಿದೆ. ಆಗಲೂ ದೊಡ್ಡ ಹೆಸರು ಇರಲಿಲ್ಲ. ವಾರ್ಡಿ 2012ರಲ್ಲಿ ಲೀಗಿನ ಹೊರಗಿದ್ದ ಫ್ಲೀಟ್‌ವುಡ್‌ನಿಂದ ಬಂದವರು. ಮಹ್ರೇಜ್ ಆ ಸೀಸನ್ ಮಧ್ಯೆ ಜನವರಿಯಲ್ಲಿ ಫ್ರಾನ್ಸ್‌ನ ಎರಡನೇ ಡಿವಿಷನ್‌ನಿಂದ ಕಮ್ಮಿ ದುಡ್ಡಿಗೆ ಬಂದರು. ಎರಡು ವರ್ಷಕ್ಕೆ ಇಬ್ಬರೂ ಪ್ರೀಮಿಯರ್ ಲೀಗ್ ಚಾಂಪಿಯನ್. ಈ ಜನವರಿಯಲ್ಲಿ ಅಂಥ ಒಬ್ಬರನ್ನು ಹುಡುಕಿದರೆ ಆಗಲ್ವಾ? ದುಡ್ಡು ಬೇಡ, ನೋಡುವ ಕಣ್ಣು ಬೇಕು.

ಅಮ್ಮತ್ತಿ ರೈಟರ್
3 ಸೆಪ್ಟೆಂಬರ್ 2025

ಪೊನ್ನಂಪೇಟೆ ತಂಗಿ ಹೇಳಿದ್ದು ಸರಿ. ಬರ್ನ್‌ಲಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೋಚ್ ತಡವಾದರೂ ಕಂಬ ಉಳಿದಿದ್ದರೆ ಮನೆ ನಿಲ್ಲುತ್ತದೆ. ಲೆಸ್ಟರ್‌ಗೆ ಎರಡೂ ಒಟ್ಟಿಗೆ ಆಯಿತು, ಕೋಚೂ ತಡ, ಕಂಬವೂ ಹೋಯಿತು. ನನ್ನ ಮಾತನ್ನು ಹಾಗೆ ತಿದ್ದಿಕೊಳ್ಳುತ್ತೇನೆ.

ತಮ್ಮಾ, ಮಹ್ರೇಜ್ ಥರದವರನ್ನು ಹುಡುಕುವ ಮಾತು ನನಗೂ ಇಷ್ಟವಾಯಿತು. ಆದರೆ ಒಂದು ನೆನಪಿಡಿ. ಮಹ್ರೇಜ್ ಬಂದಾಗ ಟೀಮ್ ಆಗಲೇ ಕಟ್ಟಿ ನಿಂತಿತ್ತು, ಪಿಯರ್ಸನ್ ಕೋಚ್ ಆಗಿ ಎರಡು ವರ್ಷ ದಾಟಿತ್ತು. ಹೊಸಬನಿಗೆ ತಪ್ಪು ಮಾಡಲು ಜಾಗ ಇತ್ತು. ಸಿಫ್ವೆಂಟೆಸ್‌ಗೂ ಅಷ್ಟು ಕಾಲ ಕೊಡುತ್ತಾರಾ ಎಂದು ನನಗೆ ಚಿಂತೆ. ನವೆಂಬರ್‌ನಲ್ಲಿ ನಾಲ್ಕು ಪಂದ್ಯ ಸೋತರೂ ಅವರನ್ನು ಇಟ್ಟುಕೊಂಡರೆ, ಜನವರಿಯಲ್ಲಿ ಒಬ್ಬ ಸ್ಟ್ರೈಕರ್ ಬಂದರೆ, ನಿಮ್ಮ ಕಡೆಗೆ ನನ್ನದೂ ಒಂದು ವೋಟು.

ಭಾನುವಾರ ಮಳೆ ಬಿಟ್ಟರೆ ನಮ್ಮ ಹುಡುಗರು ನಾಲ್ಕು ಗಂಟೆಗೆ ಆಡುತ್ತಾರೆ. ಈಗಿನ ಟೀಮಿನಲ್ಲಿ ಗೆಸ್ಟ್ ಪ್ಲೇಯರ್ ಇಲ್ಲ, ಹನ್ನೊಂದೂ ಜನ ಇಲ್ಲಿಯವರೇ. ಸುಂಟಿಕೊಪ್ಪದಿಂದ ಸಿದ್ದಾಪುರಕ್ಕೆ ಬಂದರೆ ಅಲ್ಲಿಂದ ಅಮ್ಮತ್ತಿ ಬಸ್ ಸಿಗುತ್ತದೆ. ಮೈದಾನದ ಒಂದು ಮೂಲೆಯಲ್ಲಿ ಇನ್ನೂ ನೀರು ನಿಂತಿದೆ, ಬೂಟ್ ಹಾಕಿಕೊಂಡೇ ಬನ್ನಿ.